ಮನೆವಾರ್ತೆಯ ಪುಟ: ಮುಪ್ಪಿನವರ ಹೆಸರಿಗೆ ಬರುವ ವಿಮೆಯ ಕಾಗದ

ನಮ್ಮ ಬೀದಿಯಲ್ಲಿ ಮೂರು ಮನೆಗಳಾಚೆ ಇರುವ ವೃದ್ಧ ದಂಪತಿಗಳು ವರುಷದಲ್ಲಿ ಎಂಟು ತಿಂಗಳು ಅಮೆರಿಕಾದಲ್ಲಿಯೂ ಉಳಿದ ನಾಲ್ಕು ತಿಂಗಳು ಮೈಸೂರಿನಲ್ಲಿಯೂ ವಾಸಮಾಡತಕ್ಕವರು. ಯಜಮಾನರು ಆ ದೇಶದಲ್ಲಿ ಮೂವತ್ತೈದು ವರುಷ ಇಂಜಿನಿಯರರಾಗಿ ದುಡಿದು ವಿಶ್ರಾಂತಿ ಪಡೆದವರು. ಈ ಸಲ ಅವರು ಬಂದಾಗ ಬಾದಾಮಿಯ ಪೊಟ್ಟಣದ ಜತೆಗೆ ದಾರ ಕಟ್ಟಿದ ಒಂದು ಕಾಗದದ ಕಂತೆಯನ್ನೂ ತಂದು ನನ್ನ ಮೇಜಿನ ಮೇಲಿಟ್ಟು, “ಇದು ನಿಮ್ಮ ಪುಟಕ್ಕೆ” ಎಂದು ನಕ್ಕರು. ಬಿಚ್ಚಿ ನೋಡಿದರೆ ಎಲ್ಲವೂ ವಿಮೆಯ ಕಾಗದಗಳು. ಆರು ತಿಂಗಳಲ್ಲಿ ಅವರಿಬ್ಬರ ಹೆಸರಿಗೆ ಅಂಚೆಯಲ್ಲಿ ಬಂದವುಗಳಂತೆ. ಎಣಿಸಿದೆ; ಅರುವತ್ತೆಂಟು ಇದ್ದುವು.

ಎರಡು ರಾತ್ರಿ ಕುಳಿತು ಅವನ್ನೆಲ್ಲ ಓದಿದೆನು. ಕೆಲವು ಲಕೋಟೆಗಳು ಸರಕಾರದ ಕಚೇರಿಯಿಂದ ಬಂದಂತೆ ಕಂದುಬಣ್ಣದವು. ಮೇಲೆ ಹದ್ದಿನದೊಂದು ಮುದ್ರೆ, “ಎರಡನೆಯ ತಿಳಿವಳಿಕೆ” ಎಂಬ ಕೆಂಪಕ್ಷರ. ಮೊದಲನೆಯ ತಿಳಿವಳಿಕೆ ಯಾವಾಗ ಬಂದಿತೆಂದು ಯಜಮಾನರಿಗೆ ಗೊತ್ತಿಲ್ಲ. ಮತ್ತೆ ಕೆಲವು ಹಳೆಯ ಸ್ನೇಹಿತರು ಬರೆದಂತೆ, ಕೈಬರಹವನ್ನು ಹೋಲುವ ಅಕ್ಷರಗಳಲ್ಲಿ, ಅಲ್ಲಲ್ಲಿ ನೀಲಿ ಶಾಯಿಯಿಂದ ಗೆರೆ ಎಳೆದಂತೆ ಅಚ್ಚಾಗಿದ್ದುವು. ಒಂದರಲ್ಲಿಯಾದರೂ “ಕೊಂಡುಕೊಳ್ಳಿ” ಎಂಬ ಮಾತು ಮೊದಲ ಪುಟದಲ್ಲಿ ಕಾಣಲಿಲ್ಲ. “ನಿಮಗೆ ಅಧಿಕಾರವುಂಟು”, “ನಿಮ್ಮನ್ನು ಆರಿಸಲಾಗಿದೆ”, “ಯಾರೂ ನಿಮ್ಮನ್ನು ನಿರಾಕರಿಸಲಾರರು” — ಎಲ್ಲವೂ ಈ ಧಾಟಿಯವೇ.

ಇಷ್ಟನ್ನು ಕಂಡು, ಇದು ಮುದುಕರನ್ನು ಸುಲಿಯುವ ಉಪಾಯವೆಂದು ನಾಲ್ಕು ಕಟುಮಾತು ಬರೆದು ಲೇಖನಿಯನ್ನು ಕೆಳಗಿಡುವುದು ಸುಲಭ. ಆದರೆ ಈ ಪದ್ಧತಿಯ ಮೊದಲ ಕಥೆ ಹಾಗಿಲ್ಲ. ಅದನ್ನು ವಾಚಕರ ಮುಂದಿಡದೆ ಮಿಕ್ಕದ್ದನ್ನು ಹೇಳುವುದು ನ್ಯಾಯವಾಗದು.

ಅಮೆರಿಕಾದ ಲಾಸ್ ಏಂಜಲಿಸ್ ಪಟ್ಟಣದಲ್ಲಿ ಎಥೆಲ್ ಪರ್ಸಿ ಆಂಡ್ರಸ್ ಎಂಬ ಮಹಿಳೆಯು ಒಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿದ್ದು ೧೯೪೪ರಲ್ಲಿ ನಿವೃತ್ತರಾದರು. ಆಮೇಲೆ ಒಂದು ದಿನ, ಯಾರೋ ಒಬ್ಬ ಮುದಿ ಉಪಾಧ್ಯಾಯಿನಿಗೆ ಸಹಾಯ ಬೇಕಾಗಿದೆಯೆಂದು ಕೇಳಿ ಹುಡುಕಿಕೊಂಡು ಹೋದಾಗ, ಆಕೆಯು ಕೋಳಿಗಳನ್ನು ಕೂಡುವ ಗೂಡಿನಲ್ಲಿ ವಾಸಮಾಡುತ್ತಿದ್ದುದನ್ನು ಕಂಡರೆಂದು ಆಂಡ್ರಸ್ ಅವರು ಸ್ಥಾಪಿಸಿದ ಸಂಸ್ಥೆಯವರು ಇಂದಿಗೂ ಹೇಳುತ್ತಾರೆ. ಜೀವಮಾನವೆಲ್ಲ ಪರರ ಮಕ್ಕಳಿಗೆ ಅಕ್ಷರ ಕಲಿಸಿದವರ ಕೊನೆಗಾಲ ಹೀಗಾಗಬಹುದೆ? ೧೯೪೭ರಲ್ಲಿ ಅವರು ನಿವೃತ್ತ ಉಪಾಧ್ಯಾಯರ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಆ ಕಾಲದಲ್ಲಿ ಅರುವತ್ತೈದು ದಾಟಿದವರಿಗೆ ಆರೋಗ್ಯವಿಮೆ ಸಿಕ್ಕುವುದೇ ದುರ್ಲಭವಾಗಿದ್ದಿತು. ಕೆಲಸದಲ್ಲಿ ಇರುವ ತನಕ ಇದ್ದ ವಿಮೆ ಕೆಲಸ ಬಿಟ್ಟ ದಿನವೇ ಹೋಗುತ್ತಿದ್ದಿತು. ಅಂದರೆ ಕೊಡೆಯು ಮಳೆ ಬರುವ ಹೊತ್ತಿಗೆ ಸರಿಯಾಗಿ ಕೈಬಿಡುತ್ತಿದ್ದಿತು. ಆಂಡ್ರಸ್ ಅವರು ನಲವತ್ತಕ್ಕೂ ಹೆಚ್ಚು ಕಂಪೆನಿಗಳ ಬಾಗಿಲು ತಟ್ಟಿದರಂತೆ. ಯಾರೂ ಒಪ್ಪಲಿಲ್ಲ.

ಕೊನೆಗೆ ನ್ಯೂಯಾರ್ಕ್ ಸಂಸ್ಥಾನದ ಪೌಕೀಪ್ಸಿ ಎಂಬ ಊರಿನ ಲಿಯೊನಾರ್ಡ್ ಡೇವಿಸ್ ಎಂಬ ವಿಮೆಯ ದಲ್ಲಾಳಿಯು ಒಪ್ಪಿದನು. ಆತನು ತನ್ನ ಪ್ರಾಂತದ ನಿವೃತ್ತ ಉಪಾಧ್ಯಾಯರಿಗೆ ಅದಕ್ಕೆ ಮುಂಚೆಯೇ ಇಂಥ ಒಂದು ಗುಂಪುವಿಮೆಯನ್ನು ಏರ್ಪಡಿಸಿ ನೋಡಿದ್ದವನು. ೧೯೫೬ರಲ್ಲಿ ಸಂಘದ ಸದಸ್ಯರಿಗೆಲ್ಲ ಆ ವಿಮೆ ದೊರೆಯಿತು. ದೇಶದ ಉದ್ದಗಲಕ್ಕೂ ಚೆದರಿಹೋಗಿದ್ದ ಮುದಿ ಮೇಷ್ಟರುಗಳ ಮನೆಮನೆಗೆ ಏಜಂಟರನ್ನು ಅಟ್ಟಿದರೆ ಅವರ ದಸ್ತೂರಿಯಲ್ಲಿಯೇ ಕಂತಿನ ಹಣ ಕರಗಿಹೋದೀತು. ಅಂಚೆಯ ಕಾಗದವಾದರೋ ಕೆಲವೇ ಕಾಸಿನಲ್ಲಿ ಎಲ್ಲ ಬಾಗಿಲನ್ನೂ ಮುಟ್ಟುವುದು. ಉಪಾಧ್ಯಾಯರಲ್ಲದವರೂ ತಮಗೆ ಏಕಿಲ್ಲವೆಂದು ಕೇಳಿದ್ದರಿಂದ ೧೯೫೮ರಲ್ಲಿ ಎಲ್ಲ ನಿವೃತ್ತರಿಗೂ ಸೇರಿದ ಮತ್ತೊಂದು ಸಂಘ ಹುಟ್ಟಿತು. ಈಗ ಅದರ ಹೆಸರಿನ ಮೊದಲಕ್ಷರಗಳಾದ ಎ.ಎ.ಆರ್.ಪಿ. ಎಂಬುದರಿಂದಲೇ ಅದು ಪ್ರಸಿದ್ಧವಾಗಿದೆ. ಯಾರಿಗೂ ಬೇಡವಾಗಿದ್ದ ಮುದುಕರ ಮನೆಗೆ ಮೊದಲು ಬಂದ ವಿಮೆ, ಕಾಗದದ ರೂಪದಲ್ಲಿಯೇ ಬಂದಿತೆಂಬುದನ್ನು ಮರೆಯಲಾಗದು.

ಮುಂದಿನದು ಅಷ್ಟು ಸೊಗಸಾಗಿಲ್ಲ. ಡೇವಿಸ್ ಅವರು ಕಲೋನಿಯಲ್ ಪೆನ್ ಎಂಬ ತಮ್ಮ ಸ್ವಂತ ವಿಮಾ ಕಂಪೆನಿಯನ್ನು ಸ್ಥಾಪಿಸಿದರು. ಸಂಘದ ಸದಸ್ಯರ ವಿಳಾಸಪಟ್ಟಿಯೇ ಆ ಕಂಪೆನಿಯ ಗಣಿಯಾಯಿತು. ಸಂಘ ಯಾವುದು, ಅಂಗಡಿ ಯಾವುದು ಎಂಬ ಭೇದವೇ ಕಾಣದಷ್ಟು ಎರಡೂ ಬೆರೆತುಹೋದುವು. ಆಂಡ್ರಸ್ ಅವರು ೧೯೬೭ರಲ್ಲಿ ತೀರಿಕೊಂಡರು. ೧೯೭೮ರಲ್ಲಿ ಅಲ್ಲಿಯ ಒಂದು ಪ್ರಸಿದ್ಧ ಟೆಲಿವಿಷನ್ ಕಾರ್ಯಕ್ರಮದಲ್ಲಿ ಈ ನಂಟನ್ನು ಬಯಲಿಗಿಟ್ಟು ಟೀಕಿಸಿದ ಮೇಲೆ, ಸಂಘವು ಆ ಕಂಪೆನಿಯನ್ನು ಬಿಟ್ಟು ಬೇರೆ ವಿಮೆಗಾರರನ್ನು ಹುಡುಕಿಕೊಂಡಿತು. ಡೇವಿಸ್ ಅವರು ಬಹು ದೊಡ್ಡ ಶ್ರೀಮಂತರಾದರು. ವಿಶ್ವವಿದ್ಯಾನಿಲಯವೊಂದರಲ್ಲಿ ಮುಪ್ಪಿನ ವಿಷಯವನ್ನು ಕಲಿಸುವ ಒಂದು ಶಾಲೆಗೆ ೧೯೭೫ರಿಂದ ಅವರ ಹೆಸರಿದೆ. ಅವರನ್ನು ಒಳ್ಳೆಯವರೆನ್ನಬೇಕೋ ಕೆಟ್ಟವರೆನ್ನಬೇಕೋ ನನಗೆ ತೋಚದು. ನಲವತ್ತು ಜನ ಇಲ್ಲವೆಂದಾಗ ಹೂಂ ಎಂದವರು ಅವರೊಬ್ಬರೆ ಅಲ್ಲವೆ?

ಇನ್ನು ಕಾಗದದ ಒಳಗಣ ಕಸಬನ್ನು ನೋಡೋಣ. ಸಾವಿರ ಕಾಗದ ಕಳುಹಿಸಿದರೆ ಬೆರಳೆಣಿಕೆಯ ಉತ್ತರಗಳು ಬಂದರೂ ವ್ಯಾಪಾರ ನಡೆಯುತ್ತದೆ. ಆದುದರಿಂದ ಆ ಬೆರಳೆಣಿಕೆಯಲ್ಲಿ ಒಂದು ಹೆಚ್ಚಾದರೂ ಬಹಳ ಲಾಭ. ಇದಕ್ಕಾಗಿ ಅವರು ಮಾಡುವ ಪರೀಕ್ಷೆ ನಮ್ಮ ರೈತರು ಎರಡು ಪಾತಿಯಲ್ಲಿ ಎರಡು ಬಗೆಯ ಬೀಜ ಬಿತ್ತಿ ನೋಡುವಂತೆಯೇ ಇದೆ. ಪಟ್ಟಿಯ ಅರ್ಧ ಜನರಿಗೆ ಬಿಳಿಯ ಲಕೋಟೆ, ಅರ್ಧ ಜನರಿಗೆ ಕಂದು; ಅಥವಾ ಅರ್ಧ ಜನರಿಗೆ ಎರಡು ಪುಟ, ಉಳಿದವರಿಗೆ ನಾಲ್ಕು. ಮಾರುತ್ತರದ ಚೀಟಿಯ ಮೂಲೆಯಲ್ಲಿ ಒಂದು ಸಣ್ಣ ಸಂಖ್ಯೆಯಿರುವುದು. ಯಾವ ಬೀಜ ಮೊಳೆಯಿತೆಂಬುದು ಅದರಿಂದ ತಿಳಿಯುವುದು. ಗೆದ್ದ ಕಾಗದ ಮುಂದಿನ ತಿಂಗಳು ಲಕ್ಷಗಟ್ಟಲೆ ಮನೆಗಳಿಗೆ ಹೋಗುವುದು. ಸೋತದ್ದು ಕಸದ ಬುಟ್ಟಿಗೆ. ಹೀಗೆ ವರುಷಗಟ್ಟಲೆ ಸೋಸಿ ಸೋಸಿ ಉಳಿದ ಮಾತುಗಳೇ ಈಗ ನನ್ನ ಮೇಜಿನ ಮೇಲಿರುವುವು. ಓದುವವನು ಒಬ್ಬ ಒಂಟಿ ಮುದುಕ. ಬರೆದಿರುವುದೋ ಅವನಂಥ ಲಕ್ಷ ಜನ ಯಾವ ಮಾತಿಗೆ ಮನಸ್ಸು ಕೊಟ್ಟರೆಂಬ ಲೆಕ್ಕ.

ಮುದುಕರನ್ನೇ ಏಕೆ ಆರಿಸುವರೆಂಬುದಕ್ಕೆ ದೊಡ್ಡ ರಹಸ್ಯವೇನೂ ಇಲ್ಲ. ಅವರು ಮನೆಯಲ್ಲಿರುತ್ತಾರೆ, ಟಪಾಲಿಗಾಗಿ ಕಾದಿರುತ್ತಾರೆ, ಬಂದ ಕಾಗದವನ್ನು ಕೊನೆಯ ಸಾಲಿನ ತನಕ ಓದುತ್ತಾರೆ. ಹುಟ್ಟಿದ ದಿನಗಳ ಪಟ್ಟಿಗಳು ಹಣಕ್ಕೆ ಸಿಕ್ಕುತ್ತವೆ. ಯಾರಿಗೆ ಅರುವತ್ತೈದು ತುಂಬಲಿದೆಯೋ ಅವರ ಮನೆಗೆ ನಾಲ್ಕೈದು ತಿಂಗಳ ಮೊದಲೇ ಕಾಗದಗಳ ಮಳೆ. ಅದಕ್ಕೂ ಒಂದು ಕಾರಣವುಂಟು.

೧೯೬೫ನೆಯ ಜುಲೈ ೩೦ರಂದು ಅಧ್ಯಕ್ಷ ಜಾನ್ಸನ್ ಅವರು ಮೆಡಿಕೇರ್ ಎಂಬ ಕಾನೂನಿಗೆ ರುಜು ಹಾಕಿದರು. ಮರುವರುಷದ ಜುಲೈ ಒಂದರಿಂದ ಅರುವತ್ತೈದು ತುಂಬಿದವರ ಆಸ್ಪತ್ರೆಯ ವೆಚ್ಚದ ಬಹುಭಾಗವನ್ನು ಸರಕಾರವೇ ವಹಿಸತೊಡಗಿತು. ಬಹುಭಾಗವೇ ಹೊರತು ಎಲ್ಲವನ್ನೂ ಅಲ್ಲ. ಆಸ್ಪತ್ರೆಗೆ ಸೇರಿದೊಡನೆ ಮೊದಲಿನ ೪೦ ಡಾಲರು ರೋಗಿಯದೇ, ವೈದ್ಯರ ಬಿಲ್ಲಿನಲ್ಲಿ ಐದರಲ್ಲೊಂದು ಪಾಲು ರೋಗಿಯದೇ, ಎಂದು ಆಗ ಇದ್ದಿತು. ಆ ನಲವತ್ತು ಈಗ ಸಾವಿರವನ್ನು ದಾಟಿ ಬೆಳೆದಿದೆ. ಐದನೆಯ ಪಾಲು ಹಾಗೆಯೇ ಇದೆ. ಈ ಸಂದನ್ನು ಮುಚ್ಚಲು ಖಾಸಗಿ ಕಂಪೆನಿಗಳು ಮಾರುವ ವಿಮೆಗೆ ಮೆಡಿಗ್ಯಾಪ್ ಎಂದು ಹೆಸರು. ಅರುವತ್ತೈದು ತುಂಬಿ ಮೆಡಿಕೇರಿನ ವೈದ್ಯಭಾಗಕ್ಕೆ ಸೇರಿದ ದಿನದಿಂದ ಆರು ತಿಂಗಳವರೆಗೆ ಯಾವ ಕಾಯಿಲೆಯಿದ್ದರೂ ಇಂಥ ಪಾಲಿಸಿಯನ್ನು ಕೊಡಲೇಬೇಕೆಂದು ಕಾನೂನಿದೆ. ಆರು ತಿಂಗಳು ಕಳೆದರೆ ಸಾಮಾನ್ಯವಾಗಿ ಕಂಪೆನಿಯು ರೋಗವನ್ನು ವಿಚಾರಿಸಬಹುದು, ಇಲ್ಲವೆನ್ನಲೂ ಬಹುದು. ಆದುದರಿಂದ “ಗಡುವು ಮೀರುತ್ತಿದೆ” ಎಂಬ ಕಾಗದಗಳೆಲ್ಲ ಸುಳ್ಳಲ್ಲ. ಇದೇ ಇಕ್ಕಟ್ಟಿನ ಸಂಗತಿ. ಕಾನೂನಿನ ಗಡುವು ಒಂದೇ. ಅದರ ಪಕ್ಕದಲ್ಲಿ ಕಂಪೆನಿಗಳು ತಾವೇ ಕಲ್ಪಿಸಿದ ಗಡುವುಗಳು ಹತ್ತು. ಎರಡಕ್ಕೂ ಅದೇ ಕೆಂಪು ಶಾಯಿ.

ಹಿಂದೆ ಈ ಭಯದ ಬೆಲೆಯನ್ನು ಅಲ್ಲಿಯ ವೃದ್ಧರು ಚೆನ್ನಾಗಿ ತೆತ್ತರು. ೧೯೭೮ರಲ್ಲಿ ಕ್ಲಾಡ್ ಪೆಪ್ಪರ್ ಎಂಬ ವಯೋವೃದ್ಧ ಜನಪ್ರತಿನಿಧಿಯ ಅಧ್ಯಕ್ಷತೆಯಲ್ಲಿದ್ದ ಸಮಿತಿಯು ಇದನ್ನು ವಿಚಾರಿಸಿದಾಗ, ಒಂದೇ ಸಂದನ್ನು ಮುಚ್ಚಲು ಒಂದರ ಮೇಲೊಂದು ಪಾಲಿಸಿ ಕೊಂಡಿದ್ದ ಮುದುಕ ಮುದುಕಿಯರ ಕಥೆಗಳು ಹೊರಬಿದ್ದುವು. ಒಂದು ಕೋಟಿನ ಮೇಲೆ ನಾಲ್ಕು ಕೋಟು ತೊಟ್ಟರೂ ಚಳಿ ಒಂದೇ ತಾನೆ! ೧೯೮೦ರ ಕಾನೂನು ಇದಕ್ಕೆ ಕಡಿವಾಣ ಹಾಕತೊಡಗಿತು. ೧೯೯೦ರ ಕಾನೂನಿನ ಮೇರೆಗೆ ೧೯೯೨ರಿಂದ ಎಲ್ಲ ಕಂಪೆನಿಗಳೂ ಹತ್ತೇ ಮಾದರಿಗಳಲ್ಲಿ ಪಾಲಿಸಿ ಮಾರಬೇಕೆಂದಾಯಿತು. ಆಗಿನಿಂದ ಒಂದೇ ಅಕ್ಷರದ ಮಾದರಿಯು ಯಾವ ಕಂಪೆನಿಯದಾದರೂ ಒಳಗಿನ ಸರಕು ಒಂದೇ. ಬೆಲೆ ಮಾತ್ರ ಬೇರೆ.

ಆ ಕಾನೂನುಗಳಲ್ಲಿ ಅಡಗಿರುವ ಒಂದು ಮಾತು ನನಗೆ ಬಹಳ ಸ್ವಾರಸ್ಯವೆನಿಸಿತು. ಕಂತಿನಿಂದ ಬಂದ ಪ್ರತಿ ನೂರು ಡಾಲರಿನಲ್ಲಿ, ಗುಂಪಿನ ಪಾಲಿಸಿಯಾದರೆ ೭೫ ಡಾಲರಾದರೂ, ಒಬ್ಬೊಬ್ಬರೇ ಕೊಳ್ಳುವ ಪಾಲಿಸಿಯಾದರೆ ೬೦ ಡಾಲರಾದರೂ ಚಿಕಿತ್ಸೆಯ ರೂಪದಲ್ಲಿ ಜನರಿಗೆ ಹಿಂದಿರುಗುವಂತಿರಬೇಕೆಂದು ೧೯೮೦ರಲ್ಲಿ ಗೊತ್ತುಮಾಡಿದರು. ಅರುವತ್ತನ್ನು ೧೯೯೦ರಲ್ಲಿ ೬೫ ಮಾಡಿದರು. ಆದರೆ ಅಂಚೆಯಿಂದಲೋ ಜಾಹೀರಾತಿನಿಂದಲೋ ಮಾರಿದ ಪಾಲಿಸಿಯನ್ನು, ಹೆಸರಿಗೆ ಗುಂಪಿನದಾದರೂ, ಒಬ್ಬೊಬ್ಬರದೆಂದೇ ಎಣಿಸತಕ್ಕದ್ದು. ಎಂದರೆ ಅದಕ್ಕೆ ಕಡಿಮೆಯ ಮಿತಿಯೇ ಸಾಕು. ಏಜಂಟನ ದಸ್ತೂರಿ ಉಳಿಯಿತೆಂದು ಕಾಗದವು ಹೇಳಿಕೊಳ್ಳುತ್ತದೆ. ಉತ್ತರ ಬಾರದ ಸಾವಿರಾರು ಕಾಗದಗಳ ಖರ್ಚನ್ನು ಉತ್ತರ ಬರೆದವರೇ ಹೊರಬೇಕೆಂಬುದನ್ನು ಹೇಳುವುದಿಲ್ಲ.

ಹದ್ದಿನ ಮುದ್ರೆಯ ಮೋಸಕ್ಕೆ ೧೯೮೮ರಲ್ಲಿ ಬೇರೆ ಕಾನೂನು ಬಂದಿತು. ಮೆಡಿಕೇರ್, ಸೋಷಿಯಲ್ ಸೆಕ್ಯುರಿಟಿ ಮೊದಲಾದ ಹೆಸರುಗಳನ್ನೂ ಗುರುತುಗಳನ್ನೂ ಸರಕಾರವೇ ಬರೆದಂತೆ ಕಾಣುವ ಹಾಗೆ ಬಳಸಕೂಡದು. ೧೯೯೪ರಲ್ಲಿ ಅದನ್ನು ಬಿಗಿಮಾಡಿ, ಸರಕಾರಕ್ಕೂ ನಮಗೂ ಸಂಬಂಧವಿಲ್ಲವೆಂದು ಅಡಿಯಲ್ಲಿ ಅಚ್ಚುಹಾಕಿದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದೆಂದೂ, ಒಂದೊಂದು ಕಾಗದವೂ ಒಂದೊಂದು ಅಪರಾಧವೆಂದೂ ಸೇರಿಸಿದರು. ಆದರೂ ಹದ್ದುಗಳಿಗೆ ಬಗೆಬಗೆಯ ರೆಕ್ಕೆಗಳುಂಟು. ನನ್ನ ಮೇಜಿನ ಮೇಲಿರುವ ಹದ್ದು ಯಾವ ಸರಕಾರದ್ದೂ ಅಲ್ಲ, ಚಿತ್ರಕಾರನ ಹದ್ದು.

ಇನ್ನೊಂದು ಜಾತಿಯ ಕಾಗದವು ಏನನ್ನೂ ಮಾರುವುದಿಲ್ಲ. “ಉಚಿತ ತಿಳಿವಳಿಕೆಗಾಗಿ ಈ ಚೀಟಿಯನ್ನು ತುಂಬಿ ಕಳುಹಿಸಿ, ಅಂಚೆಯ ವೆಚ್ಚ ನಮ್ಮದು” ಎನ್ನುವುದು, ಅಷ್ಟೆ. ಹೆಸರು, ವಯಸ್ಸು, ಟೆಲಿಫೋನಿನ ಸಂಖ್ಯೆ. ಕಳುಹಿಸಿದ ವಾರದಲ್ಲಿ ತಿಳಿವಳಿಕೆಯು ಎರಡು ಕಾಲಿನ ಮೇಲೆ ಬಂದು ಬಾಗಿಲು ತಟ್ಟುವುದು. ಆ ಚೀಟಿಯನ್ನು ಏಜಂಟರು ಹಣ ಕೊಟ್ಟು ಕೊಂಡಿರುತ್ತಾರೆ. ಕರೆಯದೆ ಬಂದವನನ್ನು ಹೋಗೆನ್ನಬಹುದು. ನಮ್ಮ ರುಜುವನ್ನೇ ಕೈಯಲ್ಲಿ ಹಿಡಿದು ಬಂದವನನ್ನು ಹೋಗೆನ್ನುವುದಕ್ಕೆ ಸಭ್ಯರಿಗೆ ನಾಲಗೆ ಏಳದು.

ಅಂಚೆಯ ಕಾಗದಕ್ಕೆ ಒಂದು ದೊಡ್ಡ ಗುಣವಿದೆಯೆಂದು ನಾನು ತಿಳಿದಿದ್ದೇನೆ. ಏಜಂಟನು ಎದುರಿಗೆ ಕುಳಿತರೆ ಅವನಿಗೆ ಕಾಫಿ ಕೊಡಬೇಕು, ಅವನ ಮುಖ ನೋಡಬೇಕು, ಇಲ್ಲವೆಂದರೆ ನೊಂದುಕೊಂಡಾನೆಂದು ಅಂಜಬೇಕು. ಕಾಗದಕ್ಕೆ ಕಾಫಿ ಬೇಡ. ಕನ್ನಡಕ ಸಿಕ್ಕುವ ತನಕ ಕಾಯುವುದು. ಮಗ ಬರುವ ತನಕ, ಸೊಸೆ ಓದಿ ಹೇಳುವ ತನಕ ಕಾಯುವುದು. ಮುದಿವಯಸ್ಸಿನವರಿಗೆ ಬೇಕಾದುದು ಈ ಸಾವಕಾಶವೇ. ಆದರೆ ಆ ಅರುವತ್ತೆಂಟರಲ್ಲಿ ಹೆಚ್ಚಿನವು ತಮ್ಮ ಜಾಣ್ಮೆಯನ್ನೆಲ್ಲ ಈ ಸಾವಕಾಶವನ್ನು ಕಸಿದುಕೊಳ್ಳುವುದರಲ್ಲಿಯೇ ವೆಚ್ಚಮಾಡಿವೆ: ಹತ್ತು ದಿನದೊಳಗೆ, ಈ ತಿಂಗಳ ಕೊನೆಯೊಳಗೆ, ಇಂದೇ, ಈಗಲೇ. ಅಂತಹ ಕಾಗದವನ್ನು ಕಂಡರೆ ನಾಲ್ಕು ದಿನ ಅಡಿಗೆಮನೆಯ ಗೂಡಿನಲ್ಲಿಟ್ಟು ಮರೆಯುವುದು ಒಳ್ಳೆಯದೆಂದು ಯಜಮಾನರಿಗೆ ಹೇಳಿದೆನು. ಅವರು ತಾವು ಎಲ್ಲವನ್ನೂ ಹರಿದು ಬಿಸಾಡುವುದಾಗಿಯೂ, ಈ ಕಂತೆಯನ್ನು ನನಗಾಗಿಯೇ ಉಳಿಸಿದ್ದಾಗಿಯೂ ಹೆಮ್ಮೆಯಿಂದ ನುಡಿದರು.

ಆಗ, ಅಷ್ಟು ಹೊತ್ತೂ ಬಾಗಿಲ ಬಳಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅವರ ಮನೆಯಾಕೆಯು ಮೆಲ್ಲಗೆ, “ನಾನು ಒಂದಕ್ಕೆ ಸೇರಿದ್ದೇನೆ” ಎಂದರು.

ಯಜಮಾನರು ಬೆರಗಾದರು. ಆಕೆ ಎದ್ದು ಮನೆಗೆ ಹೋಗಿ ಒಂದು ಲಕೋಟೆಯನ್ನು ತಂದರು. ಜೀವವಿಮೆ. ವೈದ್ಯರ ಪರೀಕ್ಷೆಯಿಲ್ಲ, ಕಾಯಿಲೆಯ ಪ್ರಶ್ನೆಯಿಲ್ಲ. ತಿಂಗಳಿಗೆ ೪೦ ಡಾಲರು; ಆಕೆಯ ಕಾಲಾನಂತರ ಮಕ್ಕಳಿಗೆ ೨,೪೦೦ ಡಾಲರು. ಸೇರಿ ಹದಿಮೂರು ತಿಂಗಳಾಗಿದ್ದಿತು. ಮನೆಖರ್ಚಿನಲ್ಲಿ ಉಳಿಸಿ ಕಟ್ಟುತ್ತಿದ್ದರಂತೆ. “ನನ್ನ ಕೊನೆಯ ಖರ್ಚು ಮಕ್ಕಳ ತಲೆಯ ಮೇಲೆ ಬೀಳಬಾರದೆಂದು” ಎಂದಷ್ಟೇ ಹೇಳಿದರು. ಯಜಮಾನರು ನಗಲು ಹೊರಟವರು ನಗಲಿಲ್ಲ.

ನಾವು ಮೂವರೂ ಕೂಡಿ ಪಾಲಿಸಿಯನ್ನು ಓದಿದೆವು. ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುವಂತೆ ಇದರಲ್ಲಿಯೂ ಮೊದಲ ಎರಡು ವರುಷಗಳ ಷರತ್ತು ಇದ್ದಿತು: ಆ ಅವಧಿಯಲ್ಲಿ ಕಾಯಿಲೆಯಿಂದ ಮರಣವಾದರೆ ಪೂರ್ತಿ ಮೊಬಲಗು ಇಲ್ಲ, ಕಟ್ಟಿದ ಹಣವೂ ಸ್ವಲ್ಪ ಬಡ್ಡಿಯೂ ಮಾತ್ರ. ಇದರಲ್ಲಿ ಮೋಸವೆನ್ನುವಂಥದು ಇಲ್ಲ. ಯಾರನ್ನೂ ನಿರಾಕರಿಸದ ಕಂಪೆನಿಗೆ ಮೊದಲು ಓಡಿಬರುವವರು ರೋಗಿಗಳೇ. ಅವರಿಗಾಗಿ ಕಂಪೆನಿಯು ಎರಡು ವರುಷ ಬೇಲಿ ಹಾಕುವುದು, ಕಂತನ್ನೂ ಏರಿಸುವುದು. ಆದರೆ ಅದರ ಫಲವಾಗಿ, ಸಕ್ಕರೆ ರೋಗವೂ ಇಲ್ಲದ, ಬೆಳಗ್ಗೆ ಎರಡು ಮೈಲಿ ನಡೆಯುವ ಈ ತಾಯಿಯು ರೋಗಿಗಳ ಬೆಲೆಯನ್ನು ಕೊಡುತ್ತಿದ್ದರು. ನಲವತ್ತರಂತೆ ಅರುವತ್ತು ತಿಂಗಳು ಕಟ್ಟಿದರೆ ೨,೪೦೦ ಆಯಿತು. ಐದು ವರುಷವಾದ ಮೇಲೆ ಬದುಕಿದ ಒಂದೊಂದು ತಿಂಗಳೂ ಕೈಯಿಂದ ನಲವತ್ತು ಹೆಚ್ಚಾಗಿ ಹೋಗುವುದು. ಕಟ್ಟುವುದನ್ನು ನಿಲ್ಲಿಸಿದರೆ ಸಿಕ್ಕುವುದು ಅಲ್ಪ. ಆಕೆಯ ತಾಯಿಯವರು ತೊಂಬತ್ತೊಂದು ವರುಷ ಬದುಕಿದ್ದರೆಂದು ಯಜಮಾನರು ನೆನಪು ಮಾಡಿದರು.

ಬೇಡವೆನಿಸಿದರೆ ಹಿಂದಿರುಗಿಸಿ ಕಂತನ್ನು ವಾಪಸು ಪಡೆಯಲು ಪಾಲಿಸಿಯಲ್ಲಿ ಮೂವತ್ತು ದಿನಗಳ ಅವಕಾಶವಿದ್ದಿತು. ಅದು ಹೋಗಿ ಒಂದು ವರುಷವಾಗಿದ್ದಿತು. ನಮ್ಮ ದೇಶದಲ್ಲಿಯೂ ಇಂಥ ಮರುಯೋಚನೆಯ ಅವಕಾಶವುಂಟೆಂಬುದು ಅನೇಕ ಗೃಹಸ್ಥರಿಗೆ ತಿಳಿಯದು. ವಿಮಾ ನಿಯಂತ್ರಣ ಮಂಡಲಿಯು ೨೦೦೨ರ ನಿಯಮಗಳಲ್ಲಿ ಹದಿನೈದು ದಿನ ಕೊಟ್ಟಿದ್ದಿತು. ೨೦೨೪ರ ನಿಯಮಗಳಲ್ಲಿ ಅದನ್ನು ಮೂವತ್ತು ಮಾಡಿದೆ. ಪಾಲಿಸಿಯು ಕೈಗೆ ಬಂದ ತಾರೀಖನ್ನು ಲಕೋಟೆಯ ಮೇಲೆಯೇ ಗುರುತುಹಾಕಿಟ್ಟುಕೊಂಡರೆ ಮುಂದೆ ವಾದಕ್ಕೆ ಎಡೆಯಿರದು.

ಈಗ ಬಿಟ್ಟರೆ ೫೨೦ ಡಾಲರು ಹೋದಂತೆ. ಹನ್ನೊಂದು ತಿಂಗಳು ತಡೆದರೆ ಪೂರ್ತಿ ಮೊಬಲಗಿಗೆ ಹಕ್ಕು ಬರುವುದು, ಆದರೆ ಆ ತನಕ ಮತ್ತೆ ೪೪೦ ಕಟ್ಟಬೇಕು. ಅದೇ ನಲವತ್ತನ್ನು ಬ್ಯಾಂಕಿನಲ್ಲಿಟ್ಟರೆ ಎಂದು ಯಜಮಾನರು ಲೆಕ್ಕಕ್ಕೆ ತೊಡಗಿದರು. ನಾನು ಲೆಕ್ಕವನ್ನು ಎರಡು ಕಡೆಯಿಂದಲೂ ಬರೆದು ಆಕೆಯ ಮುಂದಿಟ್ಟೆನು. ಹೀಗೆ ಮಾಡಿ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

“ಇಷ್ಟನ್ನೂ ನನಗೆ ಮೊದಲೇ ಏಕೆ ತೋರಿಸಲಿಲ್ಲ?” ಎಂದು ಯಜಮಾನರು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಆಕೆ ಬತ್ತಿಯ ಹತ್ತಿಯನ್ನು ಬಿಡಿಸುತ್ತ, “ಮೂವತ್ತೈದು ವರುಷ ಆ ಮನೆಗೆ ಬಂದ ಟಪಾಲೆಲ್ಲ ನಿಮ್ಮ ಹೆಸರಿಗೇ ಬರುತ್ತಿತ್ತು. ಮೇಲೆ ನನ್ನ ಹೆಸರು ಸರಿಯಾಗಿ ಬರೆದಿದ್ದ ಕಾಗದ ಅದೊಂದೇ” ಎಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಲೆಕ್ಕದ ಹಾಳೆಯನ್ನು ಮಡಿಸಿ ಪಾಲಿಸಿಯ ಲಕೋಟೆಯೊಳಗಿಟ್ಟು, ಅಲ್ಲಿ ಬೆಳಗಾಗುವ ಹೊತ್ತಿಗೆ ಮಗಳಿಗೆ ಟೆಲಿಫೋನು ಮಾಡಿ ಕೇಳುವುದಾಗಿ ಹೇಳಿ ಎದ್ದರು.